ಹಿಂದಿನ ಸೀಟಿಲ್ಲದ ಕಾರು

ಐವತ್ತು ದಾಟುತ್ತಿದ್ದಂತೆ ಲಿಫ್ಟ್ ಸಾಹೇಬರಿಗೆ ಕಾರಿನ ಹುಚ್ಚು ಹಿಡಿಯಿತು ಎಂದು ಅಕ್ಕಪಕ್ಕದವರು ಆಡಿಕೊಂಡರು. ಆ ವಯಸ್ಸಿನಲ್ಲಿ ಕೆಲವರು ಬೆಳಗಾಗೆದ್ದು ಓಡಲು ಶುರು ಮಾಡುತ್ತಾರೆ, ಕೆಲವರು ಮೀಸೆಗೆ ಬಣ್ಣ ಹಚ್ಚುತ್ತಾರೆ, ಇವರಿಗೆ ಯುರೋಪಿನ ಪುಟ್ಟ ಸ್ಪೋರ್ಟ್ಸ್ ಕಾರು ಬೇಕಂತೆ, ಇರಲಿ ಬಿಡಿ, ಎಂದು ಎದುರುಮನೆಯ ಹಲ್ಲಿನ ಡಾಕ್ಟರು ದೊಡ್ಡ ಮನಸ್ಸು ಮಾಡಿದರು. ಪಾಪ, ಅವರಿಗೇನು ಗೊತ್ತು? ಸಾಹೇಬರಿಗೆ ಹಿಡಿದದ್ದು ಕಾರಿನ ಹುಚ್ಚೇ ಅಲ್ಲ, ಹೆಂಡತಿಯ ಹುಚ್ಚು. ಅದೂ ಸ್ವಂತ ಹೆಂಡತಿಯದು, ಮದುವೆಯಾಗಿ ಇಪ್ಪತ್ತು ಚಿಲ್ಲರೆ ವರ್ಷ ಕಳೆದ ಮೇಲೆ! ಇಂಥದ್ದನ್ನು ಯಾರ ಹತ್ತಿರ ಹೇಳಿಕೊಳ್ಳಲಾಗುತ್ತದೆ?

ಸಾಹೇಬರು ಅಂದ ಮಾತ್ರಕ್ಕೆ ಭಾರೀ ಅಧಿಕಾರಿ ಎಂದುಕೊಳ್ಳಬೇಡಿ. ಎತ್ತರದ ಕಟ್ಟಡಗಳಿಗೆ ಹೋಗಿ, ಲಿಫ್ಟಿನ ಹಗ್ಗ ಸವೆದಿದೆಯೇ, ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ನೋಡಿ ಸಹಿ ಹಾಕುವುದು ಅವರ ಕೆಲಸ. ಬದುಕೆಲ್ಲ ಮೇಲಕ್ಕೆ ಹೋಗುವುದು, ಕೆಳಕ್ಕೆ ಬರುವುದು. (ಬಡ್ತಿಯ ವಿಷಯದಲ್ಲಿ ಮಾತ್ರ ಎಲ್ಲಿ ಹತ್ತಿದ್ದರೋ ಅಲ್ಲೇ ನಿಂತಿದ್ದರು.) ಪ್ರತಿ ಲಿಫ್ಟಿನೊಳಗೂ ‘ಗರಿಷ್ಠ ಆರು ಜನ’ ಅಂತ ಒಂದು ಫಲಕ ಇರುತ್ತದಲ್ಲ, ಅದರ ಮೇಲೆ ಸಾಹೇಬರಿಗೆ ಅಪಾರ ಗೌರವ. ಏಳನೆಯವನು ಕಾಲಿಟ್ಟ ಕೂಡಲೇ ಲಿಫ್ಟು ಕುಂಯ್ ಅನ್ನುತ್ತದೆ, ಅವನು ನಾಚಿಕೊಂಡು ಇಳಿಯುತ್ತಾನೆ. ಮನೆಗೂ ಅಂಥದ್ದೊಂದು ಫಲಕ ಯಾಕಿಲ್ಲ ಎನ್ನುವುದು ಅವರ ಬಹುಕಾಲದ ಕೊರಗು.

ಅವರ ಅತ್ತೆ ಕಣ್ಣಿನ ಪೊರೆ ತೆಗೆಸಲು ಒಂದು ವಾರಕ್ಕೆಂದು ಬಂದವರು, ಅಳಿಯನ ಮನೆ ಈಗ ಚೆನ್ನಾಗಿ ಕಾಣಿಸುತ್ತಿದೆ ಎಂದು ಉಳಿದುಕೊಂಡರು. ಬಾಮೈದ ಕೆಲಸದ ಇಂಟರ್‌ವ್ಯೂಗೆ ಬಂದ. ಕೆಲಸವೇನೋ ಸಿಕ್ಕಿತು, ಬಾಡಿಗೆ ಮನೆ ಇನ್ನೂ ಸಿಗುತ್ತಲೇ ಇಲ್ಲ. ಜೊತೆಗೆ ಕಾಲೇಜಿಗೆ ಹೋಗುವ ಮಗಳು. ಎಲ್ಲರೂ ಒಳ್ಳೆಯವರೇ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಮನೆಯ ಏಳು ಸೀಟಿನ ದೊಡ್ಡ ಗಾಡಿ ತರಕಾರಿಗೆ ಹೊರಟರೂ ಜನ ತುಂಬಿಕೊಂಡೇ ಹೊರಡುತ್ತಿತ್ತು. ಹೆಂಡತಿಯೋ, ಹಗಲೆಲ್ಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಊರವರ ಕೆಮ್ಮು ಕೇಳಿಸಿಕೊಂಡು, ಸಂಜೆ ಮನೆಗೆ ಬಂದು ಮನೆಯವರ ಕೆಮ್ಮು ಕೇಳಿಸಿಕೊಳ್ಳುವವಳು. ಗಂಡಹೆಂಡತಿಯ ನಡುವೆ ಉಳಿದ ಮಾತೆಂದರೆ ಹಾಲು ಬಂತಾ, ಗ್ಯಾಸ್ ಆಫ್ ಮಾಡಿದೆಯಾ, ಅಷ್ಟೇ.

ಹಾಗೆ ನೋಡಿದರೆ ಅವರಿಬ್ಬರ ಪರಿಚಯವಾದದ್ದೇ ಲಿಫ್ಟಿನಲ್ಲಿ. ಹೊಸದಾಗಿ ಕೆಲಸಕ್ಕೆ ಸೇರಿದ ಸಾಹೇಬರು ಆಸ್ಪತ್ರೆಯೊಂದರ ಲಿಫ್ಟನ್ನು ಪರೀಕ್ಷಿಸುವ ಹುಮ್ಮಸ್ಸಿನಲ್ಲಿ ಒತ್ತಬಾರದ ಗುಂಡಿ ಒತ್ತಿ, ಅದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೆ ಇವರು, ಮತ್ತು ಮಾತ್ರೆಯ ಡಬ್ಬಗಳನ್ನು ಎದೆಗವಚಿಕೊಂಡ ಒಬ್ಬ ಹುಡುಗಿ. ಬಿಡಿಸುವವರು ಬರುವಷ್ಟರಲ್ಲಿ ಮದುವೆ ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಹಾಗಾಗಿ ಸಾಹೇಬರ ಲೆಕ್ಕಾಚಾರ ಬಹಳ ಸರಳ. ಬಾಗಿಲು ಮುಚ್ಚಿದರೆ ಒಳಗೆ ಇಬ್ಬರೇ ಉಳಿಯುವಂಥ ಒಂದು ಡಬ್ಬಿ ಬೇಕು. ಲಿಫ್ಟನ್ನು ಮನೆಗೆ ತರಲಾಗುವುದಿಲ್ಲ, ಆದ್ದರಿಂದ ಎರಡೇ ಸೀಟಿನ ಕಾರು.

ಇದನ್ನು ಊಟದ ಮೇಜಿನ ಮಹಾಸಭೆಯಲ್ಲಿ ಹೇಳುವುದುಂಟೇ? ಅತ್ತೆಯವರ ಎದುರು ಕೂತು, ನಿಮ್ಮ ಮಗಳ ಜೊತೆ ನಾಲ್ಕು ಮಾತಾಡಬೇಕು, ನೀವು ಯಾರೂ ಬರಬೇಡಿ, ಎನ್ನಲು ನಾಲಿಗೆ ಏಳಲಿಲ್ಲ. ಬದಲಿಗೆ ಸಾಹೇಬರು ಪೆಟ್ರೋಲಿನ ಉಳಿತಾಯ ಮತ್ತು ಪಾರ್ಕಿಂಗ್ ಸಮಸ್ಯೆಯ ಮೇಲೆ ಒಂದು ಸಣ್ಣ ಭಾಷಣ ಮಾಡಿದರು.

“ಇನ್ನೊಂದು ಕಾರಾ? ಇರೋದನ್ನೇ ತೊಳೆಯೋರಿಲ್ಲ,” ಎಂದಳು ಹೆಂಡತಿ.

“ಪುಟ್ಟದು ಕಣೇ. ಹೀಗೆ ಒಂದ್ಸಲ ಬಟ್ಟೆ ಆಡಿಸಿದ್ರೆ ಆಯ್ತು.”

“ಪುಟ್ಟದು ಅಂದ್ರೆ ಎಷ್ಟು ಪುಟ್ಟದು ಭಾವ?” ಎಂದ ಬಾಮೈದ.

“ಎರಡು ಸೀಟು.”

ಬಡಿಸುತ್ತಿದ್ದ ಸೌಟು ನಿಂತಿತು. “ಮತ್ತೆ ನಾವೆಲ್ಲಿ ಕೂತ್ಕೊಳ್ಳೋದು?” ಎಂದರು ಅತ್ತೆ.

“ನಿಮಗೆ ದೊಡ್ಡ ಗಾಡಿ ಇದ್ದೇ ಇದೆಯಲ್ಲ ಅತ್ತೆ. ಇದು ಸುಮ್ನೆ, ಖುಷಿಗೆ.”

“ಖುಷಿಗಾ!” ಎಂದರು ಅತ್ತೆ, ಅಳಿಯನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು ಎನ್ನುವಂತೆ.

“ತಗೊಳ್ಳಲಿ ಬಿಡಜ್ಜಿ,” ಎಂದಳು ಮಗಳು. “ನಂಗೆ ಬುದ್ಧಿ ಬಂದಾಗಿಂದ ಅಪ್ಪ ಖುಷಿಗೆ ಅಂತ ತಗೊಂಡಿರೋದು ಒಂದೇ ಒಂದು ಛತ್ರಿ. ಅದೂ ಕಪ್ಪು.”

ಅನುಮತಿ ಸಿಕ್ಕಿತು. ಆದರೆ ಸಲಹೆಗಾರನಾಗಿ ಬಾಮೈದ ಗಂಟುಬಿದ್ದ. ಭಾವನ ಜೊತೆ ಅವನೂ ಕಾರಿನ ಅಂಗಡಿಗಳನ್ನು ಸುತ್ತಿದ. ಮೊದಲು ನೋಡಿದ್ದು ಫ್ರಾನ್ಸಿನದು, ಹಳದಿ ಬಣ್ಣ, ನಗುಮುಖ. ಮಾರುವವನು ಟೈ ಸರಿಮಾಡಿಕೊಂಡು, “ಸರ್, ನೋಡೋಕೆ ಚಿಕ್ಕದು ಅಷ್ಟೇ. ಹಿಂದೆ ಇಬ್ಬರು ಆರಾಮಾಗಿ ಕೂರಬಹುದು,” ಎಂದು ಹೆಮ್ಮೆಯಿಂದ ಹೇಳಿದ. ಸಾಹೇಬರ ಮುಖ ಬಾಡಿತು. “ಕೂರೋಕೆ ಆಗುತ್ತಾ?” ಎಂದು ಕಳವಳದಿಂದ ಕೇಳಿದರು. ಬಾಮೈದ ಆಗಲೇ ಕಾಲು ಮಡಚಿ, ಕುತ್ತಿಗೆ ಬಗ್ಗಿಸಿ ಹಿಂದೆ ತೂರಿಕೊಂಡಿದ್ದ. “ಆಗುತ್ತೆ ಭಾವ! ಸ್ವಲ್ಪ ಮೊಣಕಾಲು ಗಲ್ಲಕ್ಕೆ ತಗಲುತ್ತೆ, ಅಭ್ಯಾಸ ಆಗುತ್ತೆ!” ಎಂದು ಒಳಗಿಂದ ಕೂಗಿದ. ಆ ಕಾರು ಅಲ್ಲಿಗೇ ರದ್ದಾಯಿತು.

ಎರಡನೆಯದು ಇಟಲಿಯದು. ಹಿಂದೆ ಸೀಟಿನ ಹೆಸರಿನಲ್ಲಿ ಒಂದು ಹಲಗೆಯಂಥದ್ದು ಇತ್ತು. ಅದರ ಮೇಲೆ ಚೀಲ ಬಿಟ್ಟು ಬೇರೇನೂ ಇಡಲಾಗುವುದಿಲ್ಲ ಎಂದು ಮಾರುವವನು ಬೇಸರದಿಂದ ಒಪ್ಪಿಕೊಂಡ. ಆದರೂ ಸಾಹೇಬರಿಗೆ ಅನುಮಾನ. ಅತ್ತೆಯವರು ಮನಸ್ಸು ಮಾಡಿದರೆ ಎಲ್ಲಿ ಬೇಕಾದರೂ ಕೂರಬಲ್ಲರು. ಬಾಗಿಲ ಮೂಲೆಮೂಲೆ ಮುಟ್ಟಿ ನೋಡಿ, ಬ್ರೇಕು ಒತ್ತಿ, ಲಿಫ್ಟಿನ ಪರೀಕ್ಷೆಯಷ್ಟೇ ಗಂಭೀರವಾಗಿ ಎಲ್ಲ ಮುಗಿಸಿ, ಕೊನೆಗೆ ದನಿ ತಗ್ಗಿಸಿ ಹೇಳಿದರು: “ನೋಡಿ, ನನಗೆ ಜಾಗ ಇರೋ ಕಾರು ಬೇಡ. ಜಾಗ ಇಲ್ಲದೇ ಇರೋದು ಬೇಕು.” ಆ ವ್ಯಾಪಾರಿ ತನ್ನ ಜನ್ಮದಲ್ಲಿ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ತಲೆ ಕೆರೆದುಕೊಂಡು ಅವರನ್ನು ಶೆಡ್ಡಿನ ಹಿಂದುಗಡೆಗೆ ಕರೆದುಕೊಂಡು ಹೋದ.

ಅಲ್ಲಿತ್ತು ಇಂಗ್ಲೆಂಡಿನ ಕಡು ಹಸಿರು ಕಾರು. ಒಬ್ಬರ ಕೈ ದಾಟಿ ಬಂದದ್ದು, ಮೇಲಿನ ಬಟ್ಟೆಯ ಚಾವಣಿ ಮಡಚಿ ಹಿಂದಕ್ಕೆ ತಳ್ಳಬಹುದು, ಕೂತರೆ ನೆಲ ಕೈಗೆ ಸಿಗುವಷ್ಟು ತಗ್ಗು. ಎರಡು ಸೀಟಿನ ಬೆನ್ನಿಗೇ ಕಾರು ಮುಗಿದುಹೋಗುತ್ತಿತ್ತು. ಸಾಹೇಬರು ಅದರೊಳಗೆ ಇಳಿದರು (ಹತ್ತಿದರು ಎನ್ನುವಂತಿಲ್ಲ). ಹೊರಗೆ ಬರಲು ಬಾಮೈದನೂ ಮಾರುವವನೂ ಒಂದೊಂದು ಕೈ ಹಿಡಿದು ಎಳೆಯಬೇಕಾಯಿತು. ಸೊಂಟ ಹಿಡಿದುಕೊಂಡರೂ ಅವರ ಮುಖದಲ್ಲಿ ಕಳೆಯಿತ್ತು.

ಮರುದಿನ ಹೆಂಡತಿಯನ್ನು ಕರೆತಂದರು. ಅವಳು ಬೆಲೆ ಕೇಳಲಿಲ್ಲ, ಬಣ್ಣದ ಬಗ್ಗೆ ಮಾತಾಡಲಿಲ್ಲ. ಸೀದಾ ಸ್ಟೇರಿಂಗಿನ ಮುಂದೆ ಕೂತು ಬಾಗಿಲು ಎಳೆದುಕೊಂಡಳು. ಬಾಗಿಲು ಮುಚ್ಚಿದ್ದೇ ಅಂಗಡಿಯ ಗದ್ದಲ ನಿಂತಿತೇನೋ, ಅವಳ ಹೆಗಲು ಸ್ವಲ್ಪ ಕೆಳಗಿಳಿಯಿತು. ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಗಾಜು ಇಳಿಸಿ, “ಹಿಂದೆ ಸೀಟೇ ಇಲ್ವಾ ರೀ?” ಎಂದಳು.

“ಇಲ್ಲ... ಅದೊಂದು ಕೊರತೆ...”

“ಇರಲಿ. ಇದೇ ಇರಲಿ,” ಎಂದಳು, ಮೆಲ್ಲಗೆ. ಅವರನ್ನು ನೋಡಿದ ಆ ನೋಟದಲ್ಲಿ ಏನೋ ಇತ್ತು. ಸಾಹೇಬರ ಎದೆ ಉಬ್ಬಿತು. ಬಾಯಿ ಬಿಟ್ಟು ಹೇಳದಿದ್ದರೂ ಅವಳಿಗೆ ಅರ್ಥವಾಗಿದೆ! ಇಷ್ಟು ವರ್ಷ ಸಂಸಾರ ಮಾಡಿದ್ದು ದಂಡವಾಗಲಿಲ್ಲ ಎಂದು ದಾರಿಯುದ್ದಕ್ಕೂ ಒಬ್ಬರೇ ನಗುತ್ತ ಬಂದರು.

ಆದರೆ ಆ ಮನೆಗೊಂದು ಪದ್ಧತಿಯಿತ್ತು. ಹೊಸ ವಸ್ತು ಏನು ಬಂದರೂ ಎಲ್ಲರಿಗೂ ಸರದಿ, ಅತ್ತೆಯವರಿಂದ ಶುರು. ಕಾಲು ಒತ್ತುವ ಯಂತ್ರ ತಂದಾಗಲೂ ಹಾಗೇ, ಹೊಸ ಸೋಫಾ ತಂದಾಗಲೂ ಹಾಗೇ. ಎರಡು ಸೀಟಿನ ಕಾರಿಗೆ ಈ ಪದ್ಧತಿ ಅನ್ವಯಿಸಿದರೆ ಏನಾಗುತ್ತದೆ ಎಂದು ಸಾಹೇಬರು ಯೋಚಿಸಿಯೇ ಇರಲಿಲ್ಲ. ಡ್ರೈವರ್ ಸೀಟು ಅವರದು, ಪಕ್ಕದ್ದು ಸರದಿಯವರದು! ದೊಡ್ಡ ಗಾಡಿಯಲ್ಲಾದರೆ ಎಲ್ಲರನ್ನೂ ಒಂದೇ ಸಲ ಸುತ್ತಿಸಿ ಕೈತೊಳೆದುಕೊಳ್ಳಬಹುದಿತ್ತು. ಈಗ ಒಬ್ಬೊಬ್ಬರಿಗೂ ಒಂದೊಂದು ಭಾನುವಾರ.

ಮೊದಲು ಅತ್ತೆ. ಅವರನ್ನು ಕೂರಿಸಲು ಮನೆಮಂದಿಯೆಲ್ಲ ಬೇಕಾಯಿತು. ಕೂತ ಮೇಲೆ ಮಾತ್ರ ಮಹಾರಾಣಿಯೇ. ಚಾವಣಿ ತೆಗೆಯಿರಿ ಎಂದರು, ಗಾಳಿ ಜಾಸ್ತಿಯಾಯಿತು ಎಂದರು, ಚಾವಣಿ ಹಾಕಿದರೆ ಜನರಿಗೆ ನಾವು ಕಾಣಿಸುವುದಿಲ್ಲ ಎಂದು ಮತ್ತೆ ತೆಗೆಸಿದರು. ಮುಂದಿನ ವಾರ ಬಾಮೈದ. ದಾರಿಯುದ್ದಕ್ಕೂ, “ಈಗ ಗೇರ್ ಬದಲಾಯಿಸಿ ಭಾವ, ಈಗ ಬದಲಾಯಿಸಬೇಡಿ ಭಾವ” ಎಂದು ಕಿವಿಯಲ್ಲಿ ಜಪ. ಅದರ ಮುಂದಿನ ವಾರ ಹೆಂಡತಿಯ ಸರದಿ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, “ನಂದೇನು, ಆಮೇಲೆ ನೋಡೋಣ. ಅವಳು ಹೋಗಿ ಬರಲಿ,” ಎಂದು ಮಗಳನ್ನು ಕಳಿಸಿದಳು. ಊಟದಲ್ಲೂ ಅವಳು ಹಾಗೇ, ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ತಿನ್ನುವವಳು. ಸಾಹೇಬರಿಗೆ ಸಂಕಟವಾಯಿತು. ಮಗಳು ಕಾರಿನಲ್ಲಿ ಕೂತು ನೂರಾರು ಫೋಟೋ ತೆಗೆದಳು, ಯಾವುದರಲ್ಲೂ ಅಪ್ಪ ಕಾಣದ ಹಾಗೆ. ಅಷ್ಟರಲ್ಲಿ ಅತ್ತೆಯವರಿಗೆ ಎರಡನೆಯ ಸುತ್ತಿನ ನೆನಪಾಯಿತು.

ಕೊನೆಗೊಂದು ಭಾನುವಾರ ಸಾಹೇಬರು ಸೊಂಟ ಕಟ್ಟಿ ನಿಂತರು. “ಇವತ್ತು ಇವಳೇ ಬರಬೇಕು,” ಎಂದು ಗಟ್ಟಿಯಾಗಿ ಹೇಳಿ, ತಮ್ಮ ದನಿಗೆ ತಾವೇ ಬೆಚ್ಚಿದರು. ಆಶ್ಚರ್ಯ, ಹೆಂಡತಿ ಮರುಮಾತಾಡದೆ ಚಪ್ಪಲಿ ಮೆಟ್ಟಿದಳು.

ಊರಾಚೆ ಕೆರೆಯ ಸುತ್ತ ಒಂದು ಒಳ್ಳೆಯ ರಸ್ತೆಯಿತ್ತು. ಸಾಹೇಬರು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು, ಎರಡು ಲೋಟ ತಂದಿದ್ದರು, ಆಡಬೇಕಾದ ಮಾತುಗಳನ್ನು ವಾರದಿಂದ ಲಿಫ್ಟುಗಳೊಳಗೆ ಒಬ್ಬರೇ ನಿಂತು ಹೇಳಿ ನೋಡಿಕೊಂಡಿದ್ದರು. ‘ನೋಡು, ನಾವಿಬ್ಬರೇ ಹೀಗೆ ಹೊರಗೆ ಬಂದು ಎಷ್ಟು ಕಾಲ ಆಯಿತು...’ ಎಂಬಲ್ಲಿಂದ ಶುರು. ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವಳೇ, “ಆ ಮರದ ಕೆಳಗೆ ನಿಲ್ಲಿಸ್ತೀರಾ?” ಎಂದಳು. ನಿಲ್ಲಿಸಿದರು. “ಸ್ವಲ್ಪ ಇಳಿತೀರಾ?” ಎಂದಳು.

ನೀರಿನ ಹತ್ತಿರ ಕೂರುವ ಆಸೆ ಇರಬೇಕು ಎಂದುಕೊಂಡು ಸಾಹೇಬರು ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ತಲೆ ಎಂದು ಕಂತುಕಂತಾಗಿ ಹೊರಬಂದರು. ಫ್ಲಾಸ್ಕು ಹಿಡಿದು ಆ ಕಡೆಯ ಬಾಗಿಲು ತೆಗೆಯಲು ಹೋದರೆ ಆ ಸೀಟಿನಲ್ಲಿ ಯಾರೂ ಇರಲಿಲ್ಲ. ಹೆಂಡತಿ ಡ್ರೈವರ್ ಸೀಟಿಗೆ ಸರಿದಾಗಿತ್ತು.

“ರೀ,” ಎಂದಳು. ಅವಳ ಕಣ್ಣು ತುಂಬಿತ್ತು. “ಅಂಗಡೀಲೂ ಜನ, ಮನೇಲೂ ಜನ. ಒಂದು ಗಳಿಗೆ ಯಾರೂ ಇಲ್ದೆ ಒಬ್ಬಳೇ ಇರಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಯಾರ ಹತ್ರ ಹೇಳಲಿ? ಹೇಳಿದ್ರೆ ಬೇಜಾರು ಮಾಡ್ಕೊಳ್ತೀರಿ ಅಂತ ಸುಮ್ನಿದ್ದೆ. ನೀವು ಕೇಳದೇನೇ ಅರ್ಥ ಮಾಡ್ಕೊಂಡ್ರಲ್ಲ! ಒಂದೇ ಸೀಟಿನ ಕಾರು ಎಲ್ಲೂ ಸಿಗಲ್ಲ ಅಂತ ತಾನೇ, ಪಾಪ, ಎರಡು ಸೀಟಿಂದು ತಗೊಂಡಿದ್ದು?”

ಸಾಹೇಬರು ಬಾಯಿ ತೆರೆದರು. ವಾರದಿಂದ ಕೂಡಿಟ್ಟ ಮಾತುಗಳೆಲ್ಲ ಅಲ್ಲೇ ಬಾಗಿಲ ಬಳಿ ಸಾಲಾಗಿ ನಿಂತಿದ್ದವು. “ಅಯ್ಯೋ, ಅದರಲ್ಲೇನಿದೆ...” ಎಂದಷ್ಟೇ ಹೊರಬಂತು.

“ಬೇಗ ಬಂದುಬಿಡ್ತೀನಿ,” ಎಂದು ಅವಳು ಗೇರ್ ಹಾಕಿದಳು. ಅವರು ಯಾವತ್ತೂ ಮುಟ್ಟದ ವೇಗದಲ್ಲಿ ಹಸಿರು ಕಾರು ತಿರುವಿನಲ್ಲಿ ಮರೆಯಾಯಿತು.

ಸಾಹೇಬರು ಕೆರೆಯ ಕಟ್ಟೆಯ ಮೇಲೆ ಕೂತು ತಮ್ಮ ಕಾಫಿ ಕುಡಿದರು. ಆಮೇಲೆ ಅವಳ ಕಾಫಿಯನ್ನೂ ಕುಡಿದರು. ನೋವಾಗಿತ್ತು, ಸುಳ್ಳೇಕೆ ಹೇಳಬೇಕು? ಅವಳಿಗೆ ಬೇಡವಾದ ಜನರಲ್ಲಿ ತಾವೂ ಒಬ್ಬರು ಎಂದು ಈ ವಯಸ್ಸಿನಲ್ಲಿ ತಿಳಿದುಕೊಳ್ಳುವುದು ಯಾರಿಗಾದರೂ ಕಷ್ಟವೇ. ಅತ್ತೆ, ಬಾಮೈದ, ಮಗಳು ಎಂದು ಬೆರಳು ಮಡಚುತ್ತ ಬಂದವರು, ಅದೇ ಸಾಲಿನಲ್ಲಿ ತಮ್ಮದೂ ಒಂದು ಬೆರಳು ಇದೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಸುತ್ತು ಮುಗಿಸಿ ಕಾರು ಮತ್ತೆ ಕಾಣಿಸಿತು. ಚಾವಣಿ ಮಡಚಿತ್ತು, ಕೂದಲು ಬಿಚ್ಚಿತ್ತು, ಅವಳು ಗಟ್ಟಿಯಾಗಿ, ಶ್ರುತಿಯ ಗೊಡವೆಯಿಲ್ಲದೆ ಹಾಡಿಕೊಳ್ಳುತ್ತ ಬರುತ್ತಿದ್ದಳು. ಅವಳು ಹಾಡುತ್ತಾಳೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಸಾಹೇಬರು ಖುಷಿಯಿಂದ ಎದ್ದು ನಿಂತರು. ಅವರನ್ನು ಕಂಡದ್ದೇ ಹಾಡು ನಿಂತಿತು. ಅವಳು ಕಾರು ನಿಲ್ಲಿಸಿ, ಕೂದಲು ಸರಿಮಾಡಿಕೊಂಡು, ಪಕ್ಕದ ಬಾಗಿಲು ತೆರೆದಳು.

“ತಡ ಆಯ್ತೇನೋ. ಹತ್ತಿ, ಮನೇಲಿ ಎಲ್ಲರೂ ಕಾಯ್ತಿರ್ತಾರೆ.”

ಸಾಹೇಬರು ತೆರೆದ ಬಾಗಿಲನ್ನೂ, ಖಾಲಿ ಸೀಟನ್ನೂ ನೋಡಿದರು. ಎಷ್ಟು ಒದ್ದಾಡಿ ಸಂಪಾದಿಸಿದ ಸೀಟು ಅದು! ಆಮೇಲೆ ಆ ಬಾಗಿಲನ್ನು ಹೊರಗಿನಿಂದಲೇ ಮುಚ್ಚಿ, ಸರಿಯಾಗಿ ಮುಚ್ಚಿದೆಯೇ ಎಂದು ಒಮ್ಮೆ ಅಲುಗಿಸಿ ನೋಡಿದರು.

“ಇನ್ನೊಂದು ಸುತ್ತು ಹೋಗಿ ಬಾ ಹೋಗು,” ಎಂದರು. “ಚಾವಣಿ ಹಾಕ್ಬೇಡ, ಹಾಡು ಇಲ್ಲೀವರೆಗೂ ಕೇಳಿಸ್ಲಿ. ನಾನು ಇಲ್ಲೇ ಇರ್ತೀನಿ.”