ಕಟ್ಟೆಯ ಮೊದಲ ಹೆಸರು

ಒಂಟಿಕೊಪ್ಪಲಿನ ಚರಿತ್ರೆಗೆ ಘೋರ ಅನ್ಯಾಯವೊಂದು ಆ ಭಾನುವಾರ ಬೆಳಗ್ಗೆ, ಚಂದ್ರಮೌಳಿಯವರು ಹಾಲಿನ ಪ್ಯಾಕೆಟ್ಟಿಗೆ ಬಗ್ಗಿದ ಹೊತ್ತಿನಲ್ಲಿ, ಅವರ ಗೇಟಿನೆದುರೇ ನಡೆದುಹೋಯಿತು.

ಲಾಸ್ಯ ಎಂಬ ಹುಡುಗಿ ಒಂದಿಷ್ಟು ಜನರನ್ನು ಹಿಂದೆ ಕಟ್ಟಿಕೊಂಡು, ಬಡಾವಣೆಯ ಹಳೆಯ ಕತೆ ಹೇಳುತ್ತಾ ಸುತ್ತುವ 'ಬಂಡಾಯದ ಬೀದಿಗಳು' ಎಂಬ ನಡಿಗೆ ಹೊರಟಿದ್ದಳು. "ಎಪ್ಪತ್ತರ ದಶಕದಲ್ಲಿ ಇಲ್ಲಿನ ಹುಡುಗರು ಜಾತಿ ಮರೆತು ಒಂದೇ ಲೋಟದಲ್ಲಿ ಟೀ ಕುಡಿದರು, ಪುರೋಹಿತರಿಲ್ಲದೆ ಮದುವೆ ಮಾಡಿಸಿದರು. ಅವರ ನಾಯಕ ಸದಾಶಿವಯ್ಯ!"

ಪ್ಯಾಕೆಟ್ ಕೈಜಾರಿತು.

"ಸದಾಶಿವಯ್ಯನಾ? ಅವನು ಬರ್ತಿದ್ದಿದ್ದೇ ಟೀಗೆ ಕಣಮ್ಮ! ಭುಜದ ತನಕ ಕೂದಲು ಬಿಟ್ಟೋನು ನಾನು, ಘೋಷಣೆ ಕೂಗ್ದೋನು ನಾನು, ಅಪ್ಪನ ಕೈಲಿ ಒದೆ ತಿಂದೋನೂ ನಾನೇ!"

ಗುಂಪು ಅವರ ಬೋಳುತಲೆಯನ್ನು ಗೌರವದಿಂದಲೇ ನೋಡಿತು, ನಂಬಲಿಲ್ಲ.

"ಸಾಕ್ಷಿ ಏನಾದ್ರೂ ಇದ್ಯಾ ಅಂಕಲ್?" ಲಾಸ್ಯ ಕೇಳಿದಳು.

ಆ 'ಅಂಕಲ್' ಎಂಬುದು ಕಣ್ಣಿಗೆ ಬಿದ್ದ ಖಾರದಪುಡಿಯಂತೆ ಉರಿಯಿತು. ಒಳಗಿನಿಂದ ಹೆಂಡತಿ ಪ್ರೇಮಲೀಲಾ ಕೂಗಿದರು: "ರೀ, ಲುಂಗೀಲಿ ಬೀದಿಗಿಳೀಬೇಡಿ! ಬಡಾವಣೆ ಸಂಘದ ಅಧ್ಯಕ್ಷರು ನೀವು!"

ಅಧ್ಯಕ್ಷರು ಲುಂಗಿಯಲ್ಲೇ ಇಳಿದರು.

ಪುರೋಹಿತರಿಲ್ಲದೆ ಮದುವೆಯಾದ ದೇವಿರಮ್ಮ ತಮ್ಮ ಗೇಟಿನ ಬಳಿ ರಂಗೋಲಿ ಬಿಡುತ್ತಿದ್ದರು. "ನಿಮ್ಮ ಮದುವೆಗೆ ಹಾರ ತಂದಿದ್ದು ಯಾರು? ಹೇಳಿ ದೇವಿರಮ್ಮ!" ಎಂದರು ಚಂದ್ರಮೌಳಿ.

"ತಂದಿದ್ದು ನೀವೇ ಕಣ್ರೀ," ಎಂದರು ದೇವಿರಮ್ಮ ತಲೆ ಎತ್ತದೆ. "ಅಷ್ಟೊತ್ತಿಗೆ ಮದ್ವೆ ಮುಗ್ದು ನಾವು ಊಟಕ್ ಕೂತಿದ್ವಿ."

ಗುಂಪು ನಕ್ಕಿತು. ಚಂದ್ರಮೌಳಿ ಕುಕ್ಕರಿನಂತೆ ಬುಸುಗುಟ್ಟಿದರು. "ಎಲ್ಲಾ ಕಟ್ಟೆ ಹತ್ರ ಬನ್ನಿ! ನಾವೆಲ್ಲ ಕೂರ್ತಿದ್ದ ಕಲ್ಲುಕಟ್ಟೆ. ಉಳಿ ತಗೊಂಡು ಹೆಸರು ಕೆತ್ತಿದೀವಿ. ಮೊದಲನೇ ಹೆಸರೇ ನಂದು!"

ತಿರುವಿನಲ್ಲಿ ಕಟ್ಟೆಯಿರಲಿಲ್ಲ. ಟ್ರ್ಯಾಕ್ಟರಿನ ತುಂಬ ಕಲ್ಲುಚೂರುಗಳಿದ್ದವು. ಪಕ್ಕದಲ್ಲಿ ಸಂಘದ ಕಾರ್ಯದರ್ಶಿ ಶಿವರುದ್ರಪ್ಪ, ಕೋಟೆ ಗೆದ್ದವರಂತೆ ನಿಂತಿದ್ದರು.

ಚಂದ್ರಮೌಳಿಯವರ ಎದೆಯೊಳಗಿದ್ದ ಹಳೆಯ ಬಂಡಾಯಗಾರ ಧಿಗ್ಗನೆ ಎದ್ದ. "ಯಾವ ಅವಿವೇಕಿ ಮಾಡಿಸ್ದ ಇದನ್ನ? ಚರಿತ್ರೆ ಕೊಂದ ಆ ಪಾಪಿ ಹೆಸರು ಹೇಳ್ರೀ, ಅವನ ಮನೆ ಮುಂದೆ ಧರಣಿ ಕೂತ್ಬುಡ್ತೀನಿ!"

ಗುಂಪು ಚಪ್ಪಾಳೆ ತಟ್ಟಿತು. ಎಲ್ಲರ ಮೊಬೈಲುಗಳೂ ಮೇಲೆದ್ದವು. ಲಾಸ್ಯಳ ಕಣ್ಣಲ್ಲಿ ಮೊದಲ ಬಾರಿಗೆ ಭಕ್ತಿ ಕಾಣಿಸಿತು.

ಶಿವರುದ್ರಪ್ಪ ಕಕ್ಕಾಬಿಕ್ಕಿಯಾದರು. "ಸಾರ್, ತಾವೇ ಅಲ್ವಾ? ಪೋಲಿ ಹುಡುಗ್ರು ಗಿಟಾರ್ ಬಾರಿಸ್ಕೊಂಡು ಕೂರ್ತಾರೆ, ಆ ಮೂಲೇಲಿ ಇನ್ಮೇಲೆ ಯಾರಿಗೂ ಕೂರೋಕೆ ಜಾಗ ಇರಬಾರದು ಅಂತ ಮೀಟಿಂಗ್‌ನಲ್ಲಿ ಮೇಜು ಗುದ್ದಿ ಹೇಳಿದ್ರಲ್ಲ?"

ಯಾರೂ ಮೊಬೈಲು ಇಳಿಸಲಿಲ್ಲ.

"ನಾನು ಹೇಳಿದ್ದು ಹುಡುಗ್ರನ್ನ ಓಡಿಸಿ ಅಂತ ಕಣ್ರೀ..."

ಮುಂದಿನ ವಾರದಿಂದ ಆ ನಡಿಗೆಯಲ್ಲಿ ಚಂದ್ರಮೌಳಿಯವರ ಹೆಸರನ್ನೂ ಹೇಳತೊಡಗಿದರು. ಕಟ್ಟೆ ಒಡೆಸಿದವರು ಎಂದು.