ಗೋಡೆಗೆ ತೂಗುಹಾಕಿದ ಬೊಂತೆ

ಗೋಡೆಗೆ ಮೊಳೆ ಹೊಡೆಯುವುದರಲ್ಲಿ ನನಗೆ ಸಾಟಿಯೇ ಇಲ್ಲವೆಂದು ಮೊನ್ನೆಯವರೆಗೆ ನಂಬಿದ್ದೆ.

ನಂಜನಗೂಡಿನ ಚಿತ್ರ ಪ್ರದರ್ಶನವೊಂದರಲ್ಲಿ ಜನಪದ ಶೈಲಿಯ ಚಿತ್ರ ನೋಡಿ ನಿಂತುಬಿಟ್ಟೆ. ಹಳೆ ಸೀರೆ, ಪಂಚೆ, ಲಂಗದ ತುಂಡುಗಳನ್ನು ಕೂಡಿಸಿ ಹೊಲಿದ ಬೊಂತೆಯ ಚಿತ್ರ. ಹೊಲಿಗೆಗಳೆಲ್ಲ ಬಣ್ಣದ ಚುಕ್ಕೆಗಳು. ಕೆಳಗಿನ ಅಂಚಿನಲ್ಲೊಂದು ಕೆಂಪು ತುಂಡು. ಥೇಟ್ ಅವ್ವನ ಬೊಂತೆ! ಅವ್ವ ತೀರಿಕೊಂಡಾಗ ಹಾಸಿಗೆಯ ಜೊತೆ ಅದನ್ನೂ ಹೊಳೆಗೆ ಬಿಟ್ಟಿದ್ದೆವು. ಆಮೇಲೆ ಯಾವ ಕಂಬಳಿ ಹೊದ್ದರೂ ಆ ಬಿಸುಪು ಬರಲಿಲ್ಲ. ಚಿತ್ರ ಕೊಂಡು ತಂದು ತೂಗುಹಾಕಿ, ಮೂಗೂರಿನ ಅಕ್ಕನಿಗೆ ಫೋನ್ ಮಾಡಿ, ಅವ್ವನ ಬೊಂತೆ ಸಿಕ್ಕಿದೆ, ಬಾ ಎಂದೆ.

ಹೊದೆಯುವ ಬೊಂತೆಯೆಂದೇ ನಂಬಿ ಬಸ್ಸು ಹತ್ತಿ ಬಂದವಳಿಗೆ ಗೋಡೆ ತೋರಿಸಿದೆ. ಅಕ್ಕನ ಮುಖ ಬಾಡಿತು. ಆದರೂ ಗಾಜಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದಳು.

"ಲೋ, ತಲೆದಿಕ್ಕ ಕೆಳಗ್ ಮಾಡಿದ್ದೀಯಲ್ಲೋ."

ಹೌದು. ಕಾಲಿಗೆ ಹೊದ್ದ ಕಡೆಯನ್ನು ಮುಖಕ್ಕೆ ಎಳೆದುಕೊಳ್ಳಬಾರದೆಂದು ಅವ್ವ ತಲೆಯ ಕಡೆ ಕೆಂಪು ತುಂಡನ್ನು ಗುರುತಿಗೆ ಹೊಲಿಯುತ್ತಿದ್ದಳು. ತಿರುಗಿಸಿದರೆ ಕಲಾವಿದರ ಸಹಿ ತಲೆಕೆಳಗಾಗುತ್ತದೆ ಎಂದು ನಾನು ಗಂಭೀರವಾಗಿ ವಾದಿಸಿದೆ.

"ಸಹಿ ಏನ್ ಹೊದ್ಕತದಾ? ತಿರುಗ್ಸು."

ತಿರುಗಿಸಿದರೆ ಕೊಕ್ಕೆ ಕೆಳಗೆ ಬಂತು. ಇನ್ನೊಂದು ಅಂಚಿಗೆ ಕಟ್ಟಿದ ದಾರ ಉದ್ದವಾಗಿ, ಇನ್ನೂ ಮೇಲೊಂದು ಹೊಸ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದೆ. ಗೋಡೆಯಾಚೆ ಬಚ್ಚಲುಮನೆ ಇದೆ ಎಂದು ಹೆಂಡತಿ ಎಚ್ಚರಿಸಿದಳು. ಕಟ್ಟಿಸಿದವನು ನಾನು, ಗೋಡೆಯೊಳಗೆ ಏನಿದೆಯೆಂದು ನನಗೆ ಗೊತ್ತಿಲ್ಲವೇ ಎಂದೆ.

ಒಳಗೆ ನೀರಿನ ಪೈಪ್ ಇತ್ತು!

ಚಿಮ್ಮಿದ ನೀರಿಗೆ ಕನ್ನಡಕ ಹಾರಿಹೋಯಿತು. ಹೆಂಡತಿ ಟ್ಯಾಂಕಿನ ವಾಲ್ವ್ ಮುಚ್ಚಲು ಮಹಡಿಗೆ ಓಡಿದಳು. ನಾನು ತೂತಿಗೆ ಹೆಬ್ಬೆರಳು ಒತ್ತಿ ನಿಂತು ಅಕ್ಕನನ್ನು ಕರೆದೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಚಿತ್ರವನ್ನು ಎದೆಗವಚಿಕೊಂಡು ಕೋಣೆಗೆ ನಡೆದಳು.

ನೀರು ನಿಂತ ಮೇಲೆ ಒಳಗೆ ಹೋದೆ. ಅಕ್ಕ ಚಿತ್ರವನ್ನು ಮಂಚದ ಮೇಲೆ, ಕೆಂಪು ತುಂಡು ದಿಂಬಿನ ಕಡೆ ಬರುವಂತೆ ಮಲಗಿಸಿ, ಸೆರಗಿನಿಂದ ಗಾಜು ಒರೆಸುತ್ತಿದ್ದಳು.

"ಅವ್ವನ ವಾಸ್ನೆ ಒಂದಿಲ್ಲ ಕಣೋ," ಎಂದಳು.

ನನಗೂ ಅವ್ವ ಬೇಕೆನಿಸಿತು, ಈ ವಯಸ್ಸಿನಲ್ಲೂ. ಚಳಿಯೂ ಹತ್ತಿತ್ತು. ನಡುಗುತ್ತ, ಹೊದೆಯಲು ಏನಾದರೂ ಕೊಡೆಂದು ಕೇಳಿದೆ.

ಮನೆಯಲ್ಲಿದ್ದ ಒಂದೇ ಒಂದು ದಪ್ಪ ಕಂಬಳಿಯನ್ನು ಅಕ್ಕ ಆಗಲೇ ಬೊಂತೆಗೆ ಹೊದಿಸುತ್ತಿದ್ದಳು.