ಒಂದೇ ಹಣಕ್ಕೆ ಎರಡು ಗುಡಾರ

ಮಾನ್ಯ ಪೇಮೆಂಟ್ ಗೇಟ್‌ವೇ ಮಹಾಶಯರೇ,

ತಮ್ಮ ಸರ್ವರುಗಳು ಸದಾ ತಣ್ಣಗಿರಲಿ, ತಮ್ಮ ಕಮಿಷನ್ನು ದಿನೇ ದಿನೇ ಮೈತುಂಬಿಕೊಳ್ಳಲಿ ಎಂದು ಹಾರೈಸುತ್ತಾ, ಬಿಷ್ಕೆಕ್‌ನಲ್ಲಿ ಕಂಬಳಿ ಗುಡಾರಗಳನ್ನು ಬಾಡಿಗೆಗೆ ಕೊಡುವ ಶ್ರೀಮತಿ ಸಾಲ್ಕಿನ್ ಅವರ ಮಗನೂ ಅವರ ವೆಬ್‌ಸೈಟ್ ಕಟ್ಟಿದವನೂ ಆದ ಎರ್ಮೆಕ್ ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಮ್ಮ ಕರ್ತವ್ಯನಿಷ್ಠೆಗೆ ಕೈಮುಗಿಯಬೇಕು. ಗಿರಾಕಿ ಹಣ ಕಟ್ಟಿದ ಕೂಡಲೇ ತಾವು ನಮ್ಮ ಪ್ರೋಗ್ರಾಮಿಗೆ ‘ಹಣ ಬಂತು’ ಎಂದು ತಿಳಿಸುತ್ತೀರಿ; ‘ತಿಳಿಯಿತು’ ಎಂಬ ಉತ್ತರ ಬೇಗ ಬಾರದಿದ್ದರೆ ಅದನ್ನೇ ಮತ್ತೆ ಹೇಳುತ್ತೀರಿ. ಗುಡಾರ ಕಟ್ಟುವ ಆಳುಗಳು ಫೋನಿನಲ್ಲಿ ಒಪ್ಪಿದ ಮೇಲಷ್ಟೇ ತಮಗೆ ಉತ್ತರ ಕೊಡುವಂತೆ ನಾನು ಪ್ರೋಗ್ರಾಮನ್ನು ಜೋಡಿಸಿದ್ದೆ. ಆಳುಗಳು ಚಹಾ ಕುಡಿಯುತ್ತಿದ್ದರು, ತಮಗೆ ತಾಳ್ಮೆ ಇರಲಿಲ್ಲ. ಎರಡೂ ಸಂದೇಶಗಳ ವ್ಯವಹಾರ ಸಂಖ್ಯೆ ಒಂದೇ ಎಂದು ಹೋಲಿಸಿ ನೋಡಲು ನಾನು ಪ್ರೋಗ್ರಾಮಿಗೆ ಕಲಿಸಿರಲಿಲ್ಲ ಎಂಬ ಕ್ಷುಲ್ಲಕ ವಿಷಯವನ್ನು ಇಲ್ಲಿ ಎತ್ತುವುದು ಬೇಡ.

ಹಣ ಕಟ್ಟಿದವರು ಜುಮಕದಿರ್ ಅಜ್ಜನ ಸೊಸೆ ಬುರ್ಮಾ. ಹೊಳೆದಂಡೆಯ ಮೈದಾನದಲ್ಲಿ ಅಜ್ಜನ ಎಂಬತ್ತರ ಔತಣ. ಅದು ಚೆನ್ನಾಗಿ ನಡೆದರೆ ಆ ಬಡಾವಣೆಯ ಮದುವೆಗಳೆಲ್ಲ ನಮ್ಮಮ್ಮನ ಪಾಲಿಗೆ, ಕೆಟ್ಟರೆ ಒಂದೂ ಇಲ್ಲ. ತಮ್ಮ ಮೊದಲ ಸಂದೇಶಕ್ಕೆ ಒಂದು ಗುಡಾರ ಹೊಳೆದಂಡೆಗೆ ಹೋಯಿತು. ಎರಡನೆಯದು ಬಂದಾಗ ಆ ಜಾಗ ಆಗಲೇ ಭರ್ತಿಯಾದದ್ದನ್ನು ಕಂಡ ನನ್ನ ಬುದ್ಧಿವಂತ ಪ್ರೋಗ್ರಾಮು, ಇನ್ನೊಂದು ಗುಡಾರವನ್ನು ಹಣ ಕಟ್ಟಿದವರ ಮನೆ ವಿಳಾಸಕ್ಕೆ, ಅಂದರೆ ಅಜ್ಜ, ಸೊಸೆ ಇರುವ ಐದಂತಸ್ತಿನ ಕಟ್ಟಡದ ಅಂಗಳಕ್ಕೆ, ರವಾನಿಸಿತು.

ತಾವು ಯಂತ್ರ, ತಮಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ: ನಮ್ಮ ಪಟ್ಟಣದಲ್ಲಿ ಅಂತಹ ಅಂಗಳದಲ್ಲಿ ಗುಡಾರ ಎದ್ದರೆ ಆ ಕಟ್ಟಡದಲ್ಲಿ ಯಾರೋ ತೀರಿಕೊಂಡರು ಎಂದೇ ಅರ್ಥ. ಸಾವಿನ ಮನೆಯವರನ್ನು ಪ್ರಶ್ನೆ ಕೇಳಬಾರದೆಂದು ಆಳುಗಳು ತಲೆ ತಗ್ಗಿಸಿ ಕಟ್ಟಿ ಹೋದರು. ನೆರೆಯವರು ಚಹಾ ಕಾಯಿಸುವ ಸಮೊವರ್ ಹೊತ್ತು ತಂದರು. ಗಂಡಸರು ಪದ್ಧತಿಯಂತೆ ಬೀದಿಯಿಂದಲೇ ಗೋಳಾಡುತ್ತ ಬಂದರು. ಕುದುರೆಯೊಂದರ ಜಗಳದಲ್ಲಿ ಮಾತು ಬಿಟ್ಟು, ಔತಣದ ಕರೆಯೂ ಇಲ್ಲದೆ ಕುಳಿತಿದ್ದ ಅಜ್ಜನ ತಮ್ಮ ತುರುಸ್ಬೆಕ್ ಎಲ್ಲರಿಗಿಂತ ಮುಂದೆ ಓಡಿಬಂದು, “ಅಯ್ಯೋ ಅಣ್ಣಾ, ಬಿಟ್ಟು ಹೋದ್ಯಲ್ಲಾ! ಆ ಕುದುರೆ ನಿಂದೇ ಕಣಣ್ಣಾ!” ಎಂದು ಎದೆ ಬಡಿದುಕೊಂಡ.

ಮೂರನೇ ಮಹಡಿಯ ಕಿಟಕಿ ತೆರೆಯಿತು. “ಇನ್ನೊಂದ್ಸಲ ಜೋರಾಗಿ ಹೇಳೋ, ಸಾಕ್ಷಿಗೆ ಜನ ಇದ್ದಾರೆ!” ಎಂದರು ಅಜ್ಜ. “ಥೂ, ಬದುಕಿದ್ದೀಯಾ!” ಎಂದ ತುರುಸ್ಬೆಕ್ ಅಲ್ಲೇ ನೆಲಕ್ಕೆ ಕುಸಿದು ನಿಜವಾಗಿ ಅತ್ತ.

ಇತ್ತ ಬುರ್ಮಾ ಅಮ್ಮನಿಗೆ ಫೋನ್ ಮಾಡಿ, “ಬದುಕಿರೋ ಮಾವನಿಗೆ ಗುಡಾರ ಹಾಕ್ಸಿದ್ದೀರಲ್ಲಕ್ಕಾ, ನಾವೇನ್ ದ್ರೋಹ ಮಾಡಿದ್ವಿ ನಿಮಗೆ?” ಎಂದು ಕಿರುಚಿದರೆ, ಅಮ್ಮ ಫೋನಿಟ್ಟು ನನ್ನ ಕಡೆ ತಿರುಗಿದರು: “ನಾಳೆಯಿಂದ ನಮ್ಮನ್ನ ಯಾರು ಕರೀತಾರೋ? ಹಾಳಾಗ್ಹೋಗ್ಲಿ ನಿನ್ನ ವೆಬ್‌ಸೈಟು!” ಮುಖ ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ.

ಆದಕಾರಣ ತಾವು ಇನ್ನುಮುಂದೆ ಯಾವುದೇ ಸಂದೇಶವನ್ನು ಎರಡನೇ ಸಲ ಹೇಳುವ ಮುನ್ನ ಬಾಗಿಲಲ್ಲಿ ಕೆಮ್ಮಿ, ಮನೆಮಂದಿಯ ಹಾಗೂ ಕುರಿಮಂದೆಯ ಕ್ಷೇಮ ವಿಚಾರಿಸಿ, ಒಂದು ಬಟ್ಟಲು ಚಹಾ ಕುಡಿದು ಮುಗಿಸತಕ್ಕದ್ದು. ಜೊತೆಗೆ ಖುದ್ದಾಗಿ ಬಂದು ನಮ್ಮಮ್ಮನ ಮುಂದೆ ತಪ್ಪೊಪ್ಪಿಕೊಳ್ಳತಕ್ಕದ್ದು. ಮೈಯೇ ಇಲ್ಲವೆಂಬ ನೆಪ ಅವರ ಹತ್ತಿರ ನಡೆಯುವುದಿಲ್ಲ. ನನ್ನ ಕಡೆಯಿಂದ, ಮೊದಲು ವ್ಯವಹಾರ ಸಂಖ್ಯೆ ಬರೆದಿಟ್ಟು, ತಮಗೆ ಉತ್ತರಿಸಿ, ಆಮೇಲೆ ಆಳುಗಳನ್ನು ಕರೆಯುವಂತೆ ಪ್ರೋಗ್ರಾಮನ್ನು ತಿದ್ದಿದ್ದೇನೆ. ಇದನ್ನು ತಪ್ಪೊಪ್ಪಿಗೆ ಎಂದು ತಿಳಿಯಬಾರದೆಂದು ಕೋರಿಕೆ.

ಒಂದೇ ಒಂದು ಸಲ,
ತಮ್ಮ ವಿಶ್ವಾಸಿ,
ಎರ್ಮೆಕ್

ಮರೆತ ಮಾತು: ಔತಣದಲ್ಲಿ ತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದ ಅಜ್ಜ ಎಲ್ಲರೆದುರು ಅಮ್ಮನನ್ನು ಕರೆದು, “ಸಾಲ್ಕಿನ್, ಕಿಟಕಿಯಿಂದ ನೋಡ್ದೆ, ಗುಡಾರ ಬಲು ಚೆಂದ ಹಾಕ್ಸಿದ್ದೆ ಕಣಮ್ಮಾ. ನಾನು ನಿಜವಾಗ್ಲೂ ಹೋದಾಗ ನೀನೇ ಹಾಕ್ಸು” ಎಂದು ಮುಂಗಡವನ್ನು ಅವರ ಅಂಗೈಗೇ ಇಟ್ಟರು. ತಪ್ಪೆಲ್ಲ ಪೇಮೆಂಟ್ ಗೇಟ್‌ವೇಯದೇ ಎಂದು ಆಗಲೇ ಎಲ್ಲರಿಗೂ ಹೇಳಿಟ್ಟಿದ್ದ ನಾನು, ವೆಬ್‌ಸೈಟಿನಲ್ಲೂ ಕಟ್ಟಬಹುದು ಎಂದು ಬಾಯಿ ಹಾಕಿದೆ. “ಬೇಡಪ್ಪಾ,” ಎಂದರು ಅಜ್ಜ, “ಆ ಗೇಟಿನವನಿಗೆ ಗೊತ್ತಾದ್ರೆ ನನ್ನ ಎರಡು ಸಲ ಸಾಯಿಸ್ತಾನೆ.”